ಗುಳ್ಳೆ ಏಳದ ಪೆಟ್ಟಿಗೆ

ಕಾರ್ಕಳ
ಭಾನುವಾರ

ಪ್ರೀತಿಯ ಶಶಿಕಲಾ,

ನೀನು ಮಗಳನ್ನು ಕರೆದುಕೊಂಡು ತವರಿಗೆ ಹೋದ ಮೇಲೆ ಫೋನಿನಲ್ಲಿ ಕೆಲಸದ ಮಾತು ತೆಗೆಯಲು ನನಗೆ ಧೈರ್ಯ ಬರಲಿಲ್ಲ. ನೀನು ಹೆದರಿದ್ದಂತೆಯೇ ನಮ್ಮಿಂದ ಸೈಲೆನ್ಸರ್ ಕೊಳ್ಳುತ್ತಿದ್ದ ಸ್ಕೂಟರ್ ಕಂಪನಿ ಆರ್ಡರ್ ನಿಲ್ಲಿಸಿಯೇ ಬಿಟ್ಟಿತು. "ಬ್ಯಾಟರಿ ಗಾಡಿಗೆ ಹೊಗೆ ಕೊಳವೆ ಎಂತಕ್ಕೆ ಮಾರಾಯ?" ಎಂದರು ನಮ್ಮ ಶೆಡ್ಡಿನ ಮಾಲೀಕ ಸುಂದರಣ್ಣ. ಅದೇ ಕಂಪನಿಗೆ ಈಗ ಬ್ಯಾಟರಿ ಕೂರಿಸುವ ಅಲ್ಯೂಮಿನಿಯಂ ಪೆಟ್ಟಿಗೆ ಬೇಕಿತ್ತು. ಅದನ್ನು ಬೆಸೆಯುವುದು ನಮಗೆ ಬಂದರೆ ಮಾತ್ರ ಶೆಡ್ ಉಳಿಯುತ್ತಿತ್ತು.

ಕಬ್ಬಿಣದಲ್ಲಿ ಪಳಗಿದ ನನ್ನ ಕೈಗೆ ಅದು ಬಗ್ಗಲಿಲ್ಲ. ಬೆಸೆದದ್ದೆಲ್ಲ ತೂತು ಬಿತ್ತು. ಕಲಿಸಲು ಮಣಿಪಾಲದಿಂದ ಬಂದ ನಿಖಿತಾ ನನಗಿಂತ ತುಂಬ ಚಿಕ್ಕವಳು. "ಇದು ಕೆಂಪಾಗದೆ ಕರಗುತ್ತದೆ ಅಣ್ಣ. ಬಣ್ಣಕ್ಕೆ ಕಾಯಬೇಡಿ, ಕೈ ಮುಂದೆ ಹೋಗಲಿ" ಎಂದಳು. ನಾಚಿಕೆ ಬಿಟ್ಟು ಮೊದಲಿನಿಂದ ಕಲಿತೆ.

ನಿನ್ನೆ ಕಂಪನಿಯವರು ಬಂದು ನಾನು ಬೆಸೆದ ಪೆಟ್ಟಿಗೆಗೆ ಗಾಳಿ ತುಂಬಿಸಿ ನೀರಿನಲ್ಲಿ ಮುಳುಗಿಸಿದರು. ಸೋರಿದರೆ ಗುಳ್ಳೆ ಏಳುತ್ತದೆ. ನೋಡಲಾರದೆ ನಾನು ಗೋಡೆಯ ಕಡೆ ತಿರುಗಿ ನಿಂತಿದ್ದೆ.

"ಒಂದು ಗುಳ್ಳೆ ಸಹ ಇಲ್ಲ ಮಾರಾಯ, ಈಚೆ ನೋಡು!" ಎಂದು ಸುಂದರಣ್ಣ ಕೂಗಿದರು. ಆರ್ಡರ್ ನಮಗೇ ಸಿಕ್ಕಿತು. ನಾಳೆಯಿಂದ ಕೆಲಸ ಶುರು.

ಬರುವಾಗ ಜೋಳದ ಹಿಟ್ಟು ತಾ. ಒಬ್ಬನೇ ಕುಚ್ಚಲಕ್ಕಿ ಗಂಜಿ ಉಂಡು ಸಾಕಾಗಿದೆ. ಉಡುಪಿ ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ.

ಮಗಳ ಟಿ.ಸಿ. ತೆಗೆಸಿ ಕಳಿಸು ಎಂದಿದ್ದೆಯಲ್ಲ, ಅದನ್ನು ತೆಗೆಸಲು ನಾನು ಶಾಲೆಯ ಕಡೆ ಹೋಗಲೇ ಇಲ್ಲ. ಅವಳ ಹೆಸರು ಇಲ್ಲಿಯೇ ಇದೆ.

ನಿನ್ನ
ಬೀರಪ್ಪ