ಎತ್ತರದ ಕಂಬಕ್ಕೆ ಬಿದ್ದ ಚಪ್ಪಾಳೆ

ಆರೋಗ್ಯ ಸೇವೆಗಳ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನನ್ನ ತಂಗಿಯ ಜೀವ ಉಳಿಸಿ ಎಂದು ಕೇಳಲು ನಾನು ಹತ್ತು ಸ್ಲೈಡು ಮಾಡಿಕೊಂಡು ನಿಮ್ಮ ಮುಂದೆ ಬಂದೆ. ನೀವು ನೋಡಿದಿರಿ, ಮೆಚ್ಚಿದಿರಿ, ಚಪ್ಪಾಳೆ ತಟ್ಟಿದಿರಿ. ಆಮೇಲೆ ಅವಳು ಹೋಗುತ್ತಿದ್ದ ಡಯಾಲಿಸಿಸ್ ಘಟಕವನ್ನು ಶಾಶ್ವತವಾಗಿ ಮುಚ್ಚುವ ಆದೇಶ ಹೊರಡಿಸಿದಿರಿ. ಆದೇಶಕ್ಕೆ ಆಧಾರವೇನು ಎಂದು ನೋಡಿದರೆ, ನನ್ನದೇ ಸ್ಲೈಡುಗಳು. ನನ್ನ ದೂರು ಇಷ್ಟೇ. ಮುಚ್ಚಿದ ಲಕೋಟೆಯಲ್ಲಿ ಕಳಿಸಿದ್ದಕ್ಕೆಲ್ಲ ನಿಮ್ಮ ಕಚೇರಿ "ಸ್ವೀಕರಿಸಲಾಗಿದೆ" ಎಂಬ ಒಂದೇ ಮಾತನ್ನು ಹೇಳುತ್ತ ಬಂದಿರುವುದರಿಂದ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ನಾನೂ ತಂಗಿಯೂ ಸೇರಿ ಒಂದು ಸಣ್ಣ ಮುದ್ರಣದಂಗಡಿ ನಡೆಸುತ್ತೇವೆ. ವಿಸಿಟಿಂಗ್ ಕಾರ್ಡು, ಬ್ಯಾನರು, ವಿದ್ಯಾರ್ಥಿಗಳ ಪ್ರಾಜೆಕ್ಟು, ಇಂಥವು. ವಿನ್ಯಾಸ ನನ್ನದು, ಕಾಗದ ಕತ್ತರಿಸುವ ಯಂತ್ರ ಅವಳದು. ಅವಳ ಎರಡೂ ಮೂತ್ರಪಿಂಡ ಕೈಕೊಟ್ಟ ಮೇಲೆ ಯಂತ್ರವನ್ನು ನಾನೇ ನೋಡಿಕೊಳ್ಳುತ್ತೇನೆ, ಅವಳು ಗಲ್ಲಾದ ಹತ್ತಿರ ಕೂತು ನಾನು ಓರೆಯಾಗಿ ಕತ್ತರಿಸಿದ್ದನ್ನೆಲ್ಲ ಮೊನ್ನೆಮೊನ್ನೆಯವರೆಗೂ ಹುಡುಕಿ ಹುಡುಕಿ ಬೈಯುತ್ತಿದ್ದಳು. ವಾರಕ್ಕೆ ಮೂರು ಸಲ ಅವಳ ರಕ್ತವನ್ನೆಲ್ಲ ಹೊರಗೆ ತೆಗೆದು, ಯಂತ್ರದಲ್ಲಿ ಶುದ್ಧಮಾಡಿ, ಮತ್ತೆ ಒಳಗೆ ಬಿಡಬೇಕು. ಒಂದು ಸರದಿಗೆ ನಾಲ್ಕು ಗಂಟೆ. ಇದು ನಿಮಗೆ ಗೊತ್ತಿರಲೇಬೇಕು. ನಿಮ್ಮ ಬಾಗಿಲ ಮೇಲಿನ ಫಲಕವನ್ನು ನಂಬುವುದಾದರೆ ನೀವೂ ವೈದ್ಯರೇ.

ಹಳೆಯ ಘಟಕ ನಮ್ಮ ಅಂಗಡಿಯ ಹಿಂದಿನ ಬೀದಿಯಲ್ಲಿತ್ತು. ಆಸ್ಪತ್ರೆಯ ನೆಲಮಹಡಿಯಲ್ಲಿ, ಸೈಕಲ್ ಸ್ಟ್ಯಾಂಡಿಗೆ ತೆರೆದುಕೊಳ್ಳುವ ಒಂದು ಉದ್ದ ಕೋಣೆ. ಗೋಡೆಯ ಬಣ್ಣ ಕಿತ್ತಿತ್ತು, ಒಂದು ಫ್ಯಾನು ಕಿರುಗುಡುತ್ತಿತ್ತು, ನಿಜ. ಆದರೆ ಸರದಿ ಮುಗಿದ ಮೇಲೆ ತಂಗಿ ನನ್ನ ಭುಜ ಹಿಡಿದು ನಿಧಾನಕ್ಕೆ ನಡೆದು ಬಂದು, ಅಂಗಡಿಯ ಹಿಂಭಾಗದಲ್ಲಿ ಕಾಗದದ ಕಟ್ಟುಗಳ ಮೇಲೆ ಹಾಸಿದ ಹಾಸಿಗೆಯಲ್ಲಿ ಮಲಗಿಬಿಡುತ್ತಿದ್ದಳು. ಒಗೆದು ಹಿಂಡಿದ ಬಟ್ಟೆಯ ಹಾಗೆ ಆಗಿರುತ್ತಿದ್ದಳು. ಸಂಜೆಯ ಹೊತ್ತಿಗೆ ಎದ್ದು, ನನ್ನ ಕೆಲಸದಲ್ಲಿ ತಪ್ಪು ಹುಡುಕಲು ಶುರುಮಾಡಿದಳೆಂದರೆ ಚೇತರಿಸಿಕೊಂಡಳು ಎಂದರ್ಥ.

ನೀವು ಊರಿನ ಇನ್ನೊಂದು ತುದಿಯಲ್ಲಿ ಉತ್ಕೃಷ್ಟತಾ ಕೇಂದ್ರ ಕಟ್ಟಿಸಿದಿರಿ. ಹೊಳೆಯುವ ನೆಲ, ಗಾಜಿನ ಬಾಗಿಲು, ಎಲ್ಲವೂ ಉತ್ಕೃಷ್ಟವೇ. ಅಲ್ಲಿಗೆ ಹೋಗಲು ಎರಡು ಬಸ್ಸು ಬದಲಿಸಬೇಕು ಎಂಬುದೊಂದೇ ಕೊರತೆ. ಪ್ರಾಯೋಗಿಕವಾಗಿ ಎಂದು ಹೇಳಿ ಮೊದಲು ತಂಗಿಯ ಜೊತೆ ಡಯಾಲಿಸಿಸ್ ಮಾಡಿಸಿಕೊಳ್ಳುವ ನಮ್ಮ ತಂಡವನ್ನು ಅಲ್ಲಿಗೆ ಸ್ಥಳಾಂತರಿಸಿದಿರಿ. ಪ್ರಯೋಗ ಎಂಬ ಮಾತು ಸರಿಯಾಗಿಯೇ ಇದೆ. ಸರದಿ ಮುಗಿಸಿದ ಮನುಷ್ಯನ ರಕ್ತದೊತ್ತಡ ನೆಲ ಕಚ್ಚಿರುತ್ತದೆ. ಅಂಥವರನ್ನು ಎರಡು ಬಸ್ಸಿನಲ್ಲಿ ನಿಲ್ಲಿಸಿದರೆ ಏನಾಗುತ್ತದೆ ಎಂಬುದು ಬಹುಶಃ ಅದುವರೆಗೆ ಯಾರೂ ಮಾಡಿ ನೋಡಿರದ ಪ್ರಯೋಗ. ತಂಗಿ ಎರಡು ಸಲ ಬಸ್ಸಿನಲ್ಲೇ ಕುಸಿದಳು. ನಮ್ಮ ತಂಡದವರು ಒಬ್ಬೊಬ್ಬರಾಗಿ ಸರದಿ ತಪ್ಪಿಸತೊಡಗಿದರು. ಸರದಿ ತಪ್ಪಿಸಿದರೆ ನೀರು ಮೈಯಲ್ಲೇ ನಿಲ್ಲುತ್ತದೆ, ಕಾಲಿನಿಂದ ಏರಿ ಎದೆಗೆ ಬರುತ್ತದೆ, ಉಸಿರು ಕಟ್ಟುತ್ತದೆ. ಇದನ್ನು ಹೇಳಲು ನಾವು ನಿಮ್ಮ ಕಚೇರಿಗೆ ಹೋದೆವು.

ಬಾಯಲ್ಲಿ ಹೇಳಿದರೆ ಕೇಳುವುದಿಲ್ಲ ಎಂದರು ನಿಮ್ಮ ಸಹಾಯಕರು. "ಆಕ್ಷೇಪಣೆ ಏನಿದ್ರೂ ಪ್ರೆಸೆಂಟೇಶನ್ ರೂಪದಲ್ಲೇ ಕೊಡ್ಬೇಕಮ್ಮ. ಹತ್ತು ಸ್ಲೈಡು, ಏಳು ನಿಮಿಷ. ನಮ್ಮ ಟೆಂಪ್ಲೇಟ್ ಇದೆ, ಅದ್ರಲ್ಲೇ ಮಾಡ್ಬೇಕು. ಬರಲ್ಲ ಅಂದ್ರೆ ತರಬೇತಿ ಇದೆ, ಬನ್ನಿ." ಉಸಿರು ಕಟ್ಟುತ್ತಿರುವವರಿಗೆ ಸ್ಲೈಡು ಮಾಡುವ ತರಬೇತಿ ಕೊಡುವ ಕಚೇರಿ ಪ್ರಪಂಚದಲ್ಲಿ ಇನ್ನೊಂದಿದೆಯೇ? ಆದರೂ ಹೋದೆ. ಗರಜು ನನ್ನದಲ್ಲವೇ?

ತರಬೇತಿ ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ತರಬೇತುದಾರರು ನಗುನಗುತ್ತ ಹೇಳಿಕೊಟ್ಟರು: ಮೊದಲು ನೋಡುವವರು ಯಾರೆಂದು ಯೋಚಿಸಿ, ಒಂದು ಸ್ಲೈಡಿಗೆ ಒಂದೇ ವಿಷಯ ಇಡಿ, ಅಕ್ಷರ ಕಡಿಮೆ ಮಾಡಿ, ಚಿತ್ರ ಮಾತಾಡಲಿ, ಅಂಕಿಗಳನ್ನು ಕಂಬಗಳಾಗಿ ತೋರಿಸಿ. ಅಂಗಡಿ ಇಟ್ಟಾಗಿನಿಂದ ನಾನೂ ಗಿರಾಕಿಗಳಿಗೆ ಇದನ್ನೇ ಹೇಳಿಕೊಂಡು ಬಂದಿದ್ದೇನೆ. ಕೊನೆಯಲ್ಲಿ ಮಾತ್ರ ಒಂದು ಮಾತು ಸೇರಿಸಿದರು. "ಕೆಂಪು ಬಣ್ಣ ಬಳಸ್ಬೇಡಿ, ಟೆಂಪ್ಲೇಟಲ್ಲಿ ಇಲ್ಲ. ಸಾಹೇಬ್ರಿಗೆ ಅದು ಆರೋಪದ ಥರ ಕಾಣುತ್ತೆ. ಸೂಜಿ, ರಕ್ತ, ಅಳೋ ಮುಖ, ಇವೂ ಬೇಡ. ಅನುಕಂಪ ಹುಟ್ಟಿಸ್ಬೇಡಿ, ಭರವಸೆ ಹುಟ್ಟಿಸಿ."

ನಾನು ಭರವಸೆ ಹುಟ್ಟಿಸಲು ಕೂತೆ. ಅಷ್ಟು ಶ್ರದ್ಧೆಯಿಂದ ಯಾವ ಗಿರಾಕಿಗೂ ಕೆಲಸ ಮಾಡಿಕೊಟ್ಟಿಲ್ಲ. ಹತ್ತು ಕಾಗದದ ತುಂಡುಗಳನ್ನು ಮೇಜಿನ ಮೇಲೆ ಹರಡಿ, ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸಿ ಕೆಡಿಸಿ ನೋಡಿದೆ. ಮೊದಲ ಸ್ಲೈಡಿನಲ್ಲಿ ಒಂದು ಮುಖ ಇರಬೇಕು, ಕಣ್ಣು ಕಣ್ಣನ್ನು ಹುಡುಕುತ್ತದೆ. ಹಾಗಾಗಿ ತಂಗಿಯ ಫೋಟೋ ತೆಗೆದೆ. ಸರದಿ ಇಲ್ಲದ ದಿನ, ಬೆಳಗಿನ ಬೆಳಕಿನಲ್ಲಿ. ಅವಳು ಪೌಡರ್ ಹಚ್ಚಿಕೊಂಡಳು, ಸೂಜಿ ಚುಚ್ಚಿ ಚುಚ್ಚಿ ಗಂಟುಕಟ್ಟಿದ ತೋಳನ್ನು ಉದ್ದ ತೋಳಿನ ಹಳದಿ ಅಂಗಿಯೊಳಗೆ ಮುಚ್ಚಿಕೊಂಡಳು. ಕ್ಯಾಮೆರಾ ಸ್ಟ್ಯಾಂಡಿನ ಕಾಲು ಜಾರಿ ನಾನು ಅದಕ್ಕೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ, ಅವಳು ನಕ್ಕುಬಿಟ್ಟಳು. ಆ ನಗು ಸಿಕ್ಕಿತು. ಇಷ್ಟು ಚಂದದ ಹೆಂಗಸನ್ನು ಕಂಡರೆ ಯಾರಾದರೂ ಉಳಿಸಿಕೊಳ್ಳಲೇಬೇಕು ಎಂದು ನನಗೆ ಅನ್ನಿಸಿತ್ತು.

ಏಳನೆಯ ಸ್ಲೈಡು ನನ್ನ ವಾದದ ಜೀವ. ಹಳೆಯ ಘಟಕದಲ್ಲಿ ತಪ್ಪಿದ ಸರದಿಗಳು ಒಂದು ಕಂಬ, ಹೊಸ ಕೇಂದ್ರದಲ್ಲಿ ತಪ್ಪಿದ ಸರದಿಗಳು ಇನ್ನೊಂದು. ಮೊದಲನೆಯದು ಹೆಬ್ಬೆರಳಿನಷ್ಟು ಗಿಡ್ಡ. ಎರಡನೆಯದು ಸ್ಲೈಡಿನ ನೆತ್ತಿಯವರೆಗೆ ಎದ್ದು ನಿಂತಿತ್ತು. ಕೆಂಪು ಇಲ್ಲವಾದ್ದರಿಂದ ನಿಮ್ಮ ಟೆಂಪ್ಲೇಟು ಅದಕ್ಕೆ ತಾನಾಗಿಯೇ ಹಸಿರು ತುಂಬಿತು. ಎತ್ತರದ ಕಂಬಕ್ಕೆ ತಾನಾಗಿಯೇ ಮೇಲ್ಮುಖದ ಬಾಣವನ್ನೂ ಕೊಟ್ಟಿತು. ತೆಗೆಯಲು ನೋಡಿದೆ, ಬರಲಿಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ "ತಪ್ಪಿದ ಸರದಿಗಳು" ಎಂದು ಬರೆದೆ. ಓದು ಬಲ್ಲವರು ಓದುತ್ತಾರೆ ಎಂಬ ಧೈರ್ಯವಿತ್ತು.

ಸಭೆಯ ದಿನ ನಿಮಗೆ ನೆನಪಿರಲಾರದು, ದಿನಕ್ಕೆ ಎಷ್ಟು ಪ್ರೆಸೆಂಟೇಶನ್ನುಗಳೋ. ಪರದೆ ಎಳೆದು, ದೀಪ ಆರಿಸಿದ್ದರು. ನೀವು ಬಂದು ಕೂತಾಗ ನಾನು ಐದನೆಯ ಸ್ಲೈಡಿನಲ್ಲಿದ್ದೆ. ಫೋನಿನಲ್ಲಿ ಏನೋ ಓದುತ್ತಿದ್ದಿರಿ. ಏಳನೆಯ ಸ್ಲೈಡು ಬಂದಾಗ ಹಸಿರು ಬೆಳಕು ಮುಖಕ್ಕೆ ಬಿತ್ತೇನೋ, ತಲೆ ಎತ್ತಿದಿರಿ. "ಆಹಾ, ಒಳ್ಳೆ ಬೆಳವಣಿಗೆ ಕಣ್ರೀ" ಎಂದಿರಿ. ಪಕ್ಕದವರು ತಲೆಯಾಡಿಸಿದರು. ಅವರ ಪಕ್ಕದವರು ಚಪ್ಪಾಳೆ ತಟ್ಟಿದರು. ನಿಮ್ಮ ಸಭಾಂಗಣದಲ್ಲಿ ಒಬ್ಬರು ತಟ್ಟಿದರೆ ಉಳಿದವರು ಕೈಕಟ್ಟಿ ಕೂರುವ ಪದ್ಧತಿ ಇಲ್ಲವೆಂದು ಕಾಣುತ್ತದೆ. "ಸಾರ್, ಅದು ಜನ ತಪ್ಪಿಸಿಕೊಂಡ ಸರದಿಗಳ ಲೆಕ್ಕ" ಎಂದೆ. "ಪ್ರಶ್ನೋತ್ತರ ಎಲ್ಲಾ ಕೊನೇಲಿ ಮೇಡಂ, ಮುಂದೆ ಹೋಗಿ" ಎಂದರು ಸಹಾಯಕರು. ಕೊನೆಗೆ ಬರುವಷ್ಟರಲ್ಲಿ ಏಳು ನಿಮಿಷ ಮುಗಿದಿತ್ತು, ಮೈಕು ಮುಂದಿನವರ ಕೈಗೆ ಹೋಗಿತ್ತು.

ಕೇಳುತ್ತೇನೆ, ಮಾನ್ಯರೇ: ನಿಮ್ಮ ಕಚೇರಿಯಲ್ಲಿ ಏರುವ ಕಂಬವೆಲ್ಲ ಸಾಧನೆಯೇ? ಸಾವಿನ ಸಂಖ್ಯೆಯನ್ನು ಹಸಿರು ಕಂಬ ಮಾಡಿ ತೋರಿಸಿದರೂ ಬೆಳವಣಿಗೆ ಅನ್ನುತ್ತೀರಾ? ಕೆಟ್ಟ ಸುದ್ದಿ ಹೇಳಲು ಬಣ್ಣವನ್ನೇ ಇಡದ ಟೆಂಪ್ಲೇಟಿನಲ್ಲಿ ಕೆಟ್ಟ ಸುದ್ದಿ ತನ್ನಿ ಎಂದು ಜನರನ್ನು ಕರೆಯುವುದು ಯಾವ ನ್ಯಾಯ? ಆದೇಶದಲ್ಲಿ ಏನು ಬರೆಸಿದ್ದೀರಿ ಎಂದು ನಿಮಗೇ ಓದಿ ಹೇಳುತ್ತೇನೆ: "ಫಲಾನುಭವಿಗಳು ಸಲ್ಲಿಸಿದ ದೃಶ್ಯ ಪ್ರಸ್ತುತಿಯಿಂದ, ಅವರು ಲವಲವಿಕೆಯಿಂದಿರುವುದನ್ನೂ ನೂತನ ಕೇಂದ್ರದ ಅಂಕಿಅಂಶಗಳು ಗಣನೀಯವಾಗಿ ಏರಿರುವುದನ್ನೂ ಮನಗಂಡು, ಸ್ಥಳಾಂತರವನ್ನು ಕಾಯಂಗೊಳಿಸಿದೆ." ಇದನ್ನು ತಂಗಿಗೆ ಓದಿ ಹೇಳಲು ನನಗೆ ಬಾಯಿ ಬರಲಿಲ್ಲ. ಅವಳೇ ನನ್ನ ಕೈಯಿಂದ ಕಿತ್ತುಕೊಂಡು ಓದಿ, "ಲವಲವಿಕೆ ಅಂತೆ. ಪೌಡರ್ ಜಾಸ್ತಿ ಆಯ್ತು ಅಂತ ನಾನು ಅವತ್ತೇ ಹೇಳ್ದೆ" ಎಂದಳು.

ಈಗ ಆ ನಗುಮುಖ ನಿಮ್ಮ ಹೊಸ ಕೇಂದ್ರದ ಬಾಗಿಲಲ್ಲಿ ಆಳೆತ್ತರದ ಫಲಕವಾಗಿ ನಿಂತಿದೆ. ನಮ್ಮನ್ನು ಕೇಳಲಿಲ್ಲ, ಬಿಡಿ. ಹೋದ ವಾರ ಎರಡನೆಯ ಬಸ್ಸಿಳಿದು ಅವಳನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಬಾಗಿಲಿಗೆ ತಂದೆ. ಮುಖ ಊದಿತ್ತು, ತುಟಿ ಬಿಳಿಚಿತ್ತು. ಕಾವಲುಗಾರ ಒಳ್ಳೆಯ ಮನುಷ್ಯ, ಕುರ್ಚಿ ತಂದುಕೊಟ್ಟ. ಫಲಕ ನೋಡಿದ, ಅವಳನ್ನು ನೋಡಿದ, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಇವ್ರು ಆ ಫೋಟೋದಲ್ಲಿರೋ ಮೇಡಂ ಅವ್ರ ತಾಯೀನಾ?" ತಂಗಿಗೆ ಕೇಳಿಸಿತು. ಅವಳು ನನಗಿಂತ ಚಿಕ್ಕವಳು, ಮಾನ್ಯರೇ, ಇನ್ನೂ ನಲವತ್ತೂ ದಾಟಿಲ್ಲ.

ನಮ್ಮ ತಂಡದಲ್ಲಿ ಕಿಟಕಿ ಮೇಷ್ಟ್ರು ಎಂದು ಒಬ್ಬರಿದ್ದರು. ನಿವೃತ್ತ ಗಣಿತದ ಮೇಷ್ಟ್ರು. ಹಳೆಯ ಘಟಕದಲ್ಲಿ ಕಿಟಕಿಯ ಪಕ್ಕದ ಕುರ್ಚಿಯನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ, ಸ್ಟ್ಯಾಂಡಿನಲ್ಲಿ ಸೈಕಲ್ ನಿಲ್ಲಿಸುವವರನ್ನೆಲ್ಲ ಅಲ್ಲಿಂದಲೇ ಗದರುತ್ತಿದ್ದರು. ಸ್ಥಳಾಂತರವಾದ ಮೇಲೆ ಕೆಲವು ಸಲ ಬಂದರು. ಒಂದು ದಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, "ನಂಗೆ ಸಾಕಮ್ಮ, ಇಷ್ಟು ದೂರ ಬಂದು ಬದುಕೋವಂಥದ್ದು ಏನೂ ಉಳಿದಿಲ್ಲ" ಎಂದರು. ತಂಗಿ ಅವರನ್ನು ಬೈದಳು, ಕೈ ಹಿಡಿದು ಎಳೆದಳು. ಅವರು ಎದ್ದು ಮನೆಯ ಕಡೆಯ ಬಸ್ಸು ಹತ್ತಿದರು. ಮುಂದಿನ ವಾರ ಅವರ ಮಗಳು ಫೋನ್ ಮಾಡಿ, ಅಪ್ಪ ಹೋಗಿಬಿಟ್ಟರು ಎಂದಳು. ಏಳನೆಯ ಸ್ಲೈಡಿನ ಹಸಿರು ಕಂಬದಲ್ಲಿ ಮೇಷ್ಟ್ರು ಅದಾಗಲೇ ತಪ್ಪಿಸಿದ್ದ ಸರದಿಗಳೂ ಇದ್ದವು. ನೀವು ತಟ್ಟಿದ ಚಪ್ಪಾಳೆಯಲ್ಲಿ ಅವರ ಪಾಲೂ ಇದೆ.

ಮೇಷ್ಟ್ರು ಹೋದ ಮೇಲೆ ತಂಗಿ ಬದಲಾಗಿದ್ದಾಳೆ. ಮೊನ್ನೆ ಗಲ್ಲಾದ ಹಿಂದೆ ಕೂತವಳು ತಲೆ ಎತ್ತದೆಯೇ ಹೇಳಿದಳು, "ಅಕ್ಕಾ, ಇನ್ಮೇಲೆ ವಾರಕ್ಕೆ ಎರಡೇ ಸಲ ಹೋಗೋಣ." ಆಗುವುದಿಲ್ಲ ಎಂದೆ. "ಬಸ್ಸಲ್ಲಿ ಸಾಯೋದಕ್ಕಿಂತ ಇಲ್ಲೇ ಇರ್ತೀನಿ. ನಿನ್ನ ಕಾಗದಾನಾದ್ರೂ ನೋಡ್ಕೋಬೋದು" ಎಂದಳು. ಎರಡು ಸಲ ಎಂದರೆ ಏನೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ಅವಳು ಈಗ ನನ್ನನ್ನು ಬೈಯುವುದನ್ನೂ ಬಿಟ್ಟಿದ್ದಾಳೆ. ಅಂಚು ಓರೆಯಾದ ಕಾರ್ಡುಗಳನ್ನು ಸುಮ್ಮನೆ ಡಬ್ಬಿಗೆ ತುಂಬುತ್ತಾಳೆ. ನನಗೆ ಹೆದರಿಕೆಯಾಗುತ್ತದೆ, ಮಾನ್ಯರೇ. ಅಂಗಡಿಯಲ್ಲಿ ಗಿರಾಕಿ ಇದ್ದರೂ ಅಳು ಬರುತ್ತದೆ.

ಇಷ್ಟರ ನಡುವೆ ನಿಮ್ಮ ಕಚೇರಿಯಿಂದ ಫೋನು ಬಂತು. ಆದೇಶ ಹಿಂತೆಗೆದುಕೊಂಡಿರೇನೋ ಎಂದುಕೊಂಡೆ. ಅದೇ ಸಹಾಯಕರು. "ಮೇಡಂ, ನಿಮ್ಮ ಪ್ರೆಸೆಂಟೇಶನ್ ಸಾಹೇಬ್ರಿಗೆ ಭಾಳ ಹಿಡಿಸಿದೆ. ನಮ್ಮ ಸಿಬ್ಬಂದಿಗೆ ನೀವೇ ಒಂದು ಕ್ಲಾಸ್ ತಗೋಬೇಕಂತೆ, ಆಕರ್ಷಕವಾಗಿ ಮಾಡೋದು ಹೇಗೆ ಅಂತ. ಬರೋ ಗುರುವಾರ ಸಂಜೆ." ನಗಲೋ, ಫೋನನ್ನು ಗೋಡೆಗೆ ಎಸೆಯಲೋ ತಿಳಿಯಲಿಲ್ಲ. ಬರುತ್ತೇನೆ ಎಂದುಬಿಟ್ಟೆ.

ಹೌದು, ಬರುತ್ತೇನೆ. ಗುರುವಾರ ತಂಗಿಯ ಸರದಿಯ ದಿನ. ಹೇಗಾದರೂ ಕಾಲಿಗೆ ಬಿದ್ದು ಅವಳನ್ನು ಒಪ್ಪಿಸಿ ನಿಮ್ಮ ಕೇಂದ್ರಕ್ಕೆ ಕರೆದೊಯ್ಯುತ್ತೇನೆ. ನಾಲ್ಕು ಗಂಟೆ ಮುಗಿದ ಮೇಲೆ ಅವಳನ್ನು ಮನೆಗೆ ಕರೆದೊಯ್ಯದೆ, ಅದೇ ಥರ ಬಸ್ಸು ಹಿಡಿದು ನೇರ ನಿಮ್ಮ ಕಚೇರಿಗೆ ತರುತ್ತೇನೆ. ಅವಳಿಗೆ ಅಷ್ಟು ಹಿಂಸೆ ಕೊಡಲು ನನಗೇನು ಹುಚ್ಚೇ ಎಂದು ಕೇಳಬೇಡಿ. ಅದನ್ನು ನೀವು ವಾರಕ್ಕೆ ಮೂರು ಸಲ ಕೊಡುತ್ತಿದ್ದೀರಿ. ಸ್ಲೈಡು ತರುವುದಿಲ್ಲ, ಕಂಬ ತರುವುದಿಲ್ಲ, ಬಣ್ಣದ ಮಾತೇ ಇಲ್ಲ. ಅಂದು ನಿಮ್ಮ ಸಿಬ್ಬಂದಿ ನೋಡಬೇಕಾದ ಚಿತ್ರ ಒಂದೇ.

ನನ್ನ ಬೇಡಿಕೆಯೂ ಒಂದೇ. ಹಳೆಯ ಘಟಕದ ಯಂತ್ರಗಳು ಇನ್ನೂ ಅಲ್ಲೇ ಇವೆ, ಬಟ್ಟೆ ಹೊದಿಸಿ ಇಟ್ಟಿದ್ದಾರೆ, ಅವನ್ನು ನಡೆಸುತ್ತಿದ್ದ ನರ್ಸಮ್ಮನೂ ಅದೇ ಆಸ್ಪತ್ರೆಯಲ್ಲೇ ಇದ್ದಾರೆ. ಬಟ್ಟೆ ತೆಗೆಸಿ, ಗುಂಡಿ ಒತ್ತಿಸಿ. ತೀರ್ಮಾನಿಸುವ ಮೊದಲು ಅವಳನ್ನು ಒಮ್ಮೆ ಕಣ್ಣಾರೆ ನೋಡಿ. ನಿಮ್ಮ ಸಭಾಂಗಣ ಮೂರನೆಯ ಮಹಡಿಯಲ್ಲಿದೆ, ಲಿಫ್ಟು ಕೆಟ್ಟಿದೆ. ತಂಗಿಯ ಕೈಲಿ ಹತ್ತಲಾಗುವುದಿಲ್ಲ. ಗುರುವಾರ ಸಂಜೆ ನಾವಿಬ್ಬರೂ ಕೆಳಗಿನ ಮೆಟ್ಟಿಲ ಮೇಲೆ ಕೂತಿರುತ್ತೇವೆ. ಆ ಒಂದು ಸಲ ನೀವೇ ಇಳಿದು ಬನ್ನಿ.

ಇಂತಿ,
ನಿಮಗೆ ಭಾಳ ಹಿಡಿಸಿದ ಸ್ಲೈಡುಗಳನ್ನು ಮಾಡಿದ ಕೈಯವಳು,
ಸದ್ಯಕ್ಕೆ ಇನ್ನೂ ಒಬ್ಬಳ ಅಕ್ಕ