ಜೈನಾಬಿ ಅಕ್ಕೋರ ತೊಂಬತ್ತೆಂಟು ಡಿಗ್ರಿ

ಏಪ್ರಿಲ್ ೩೧, ೨೨೧೪
ಗಜೇಂದ್ರಗಡ, ಬೆಟ್ಟದ ಒಳಗೆ

ಇನ್ನೂ ಹುಟ್ಟದವಳ ಪತ್ರ ಓದುತ್ತಿರುವ ಹಿರಿಯರೇ,

ಏಪ್ರಿಲ್‌ಗೆ ಮೂವತ್ತೊಂದನೆಯ ತಾರೀಖು ಎಲ್ಲಿಂದ ಬಂತು ಎಂದು ನಗಬೇಡಿ. ನಮ್ಮ ಬೇಸಿಗೆ ನಿಮ್ಮ ಕ್ಯಾಲೆಂಡರಿನಲ್ಲಿ ಹಿಡಿಸಲಿಲ್ಲ, ದಿನ ಸೇರಿಸಿಕೊಂಡೆವು. ಪದಗಳೂ ವಿಚಿತ್ರ ಎನಿಸಿದರೆ ಕ್ಷಮಿಸಿ. ನಾವು ಬದುಕುವುದು ತಣಿಮನೆಗಳಲ್ಲಿ, ಅಂದರೆ ಬಿಸಿಲಿಗೆ ಹೆದರಿ ಬಂಡೆಯೊಳಗೆ ಕೊರೆದುಕೊಂಡ ಕೋಣೆಗಳಲ್ಲಿ. ಗೋಡೆಯಲ್ಲಿ ಹೇಳುಗ ಎಂಬ ಯಂತ್ರವಿದೆ. ಗಾಳಿ ಹೇಗಿದೆ, ನೀರು ಹೇಗಿದೆ, ಮಗುವಿಗೆ ಜ್ವರ ಎಷ್ಟಿದೆ, ಎಲ್ಲವನ್ನೂ ಅದೇ ಹೇಳುತ್ತದೆ, ನಾವು ಹೂಂಗುಟ್ಟುತ್ತೇವೆ. ನಾನು ಕಾಶವ್ವ, ಇಲ್ಲಿನ ನೀರುಮನೆಯನ್ನು ನೋಡಿಕೊಳ್ಳುವವಳು. ಹೇಳುಗ ಹೇಳಿದ್ದನ್ನು ದಿನವೂ ರಿಜಿಸ್ಟರಿನಲ್ಲಿ ಬರೆದು ನೀರು ಬಿಡುವುದು ನನ್ನ ಕೆಲಸ. ಇವತ್ತು ನನಗೆ ಭಯವಾಗಿದೆ. ಭಯವಾದಾಗ ಎಲ್ಲರಿಗೂ ಅವ್ವ ನೆನಪಾಗುತ್ತಾಳಂತೆ, ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಜೈನಾಬಿ ಅಕ್ಕೋರು ನೆನಪಾಗುತ್ತಾರೆ.

ಅಕ್ಕೋರು ರಾಸಾಯನಿಕಗಳನ್ನು ಉಪ್ಪಿನಕಾಯಿ ಭರಣಿಗಳಲ್ಲಿ ಇಡುತ್ತಿದ್ದರು. ನಿಜವಾದ ಉಪ್ಪಿನಕಾಯಿಯೂ ಅದೇ ಸಾಲಿನಲ್ಲಿತ್ತು. ಯಾವುದು ಯಾವುದೆಂದು ಅವರೊಬ್ಬರಿಗೇ ಗೊತ್ತು. ಒಂದು ದಿನ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ಅಳೆಯಲು ಹೇಳಿದರು. ನನ್ನ ಥರ್ಮಾಮೀಟರ್ ತೊಂಬತ್ತೆಂಟಕ್ಕೆ ನಿಂತಿತು. ಪಾಠದಲ್ಲಿ ನೂರು ಎಂದಿತ್ತು. ಬರೆದದ್ದನ್ನು ಅಳಿಸಿ ನೂರು ಮಾಡಿದೆ. ಇಡೀ ತರಗತಿ ಅದನ್ನೇ ಮಾಡಿತ್ತು. ಅಕ್ಕೋರು ರಬ್ಬರ್ ಉಜ್ಜಿದ ಕಲೆಯ ಮೇಲೆ ಬೆರಳಿಟ್ಟರು. “ನಾವಿರೋದು ಎತ್ತರದಾಗ, ಇಲ್ಲಿ ನೂರಕ್ಕ ಮುಂಚೇನ ಕುದೀತೈತಿ. ನೀರಿಗೆ ಪುಸ್ತಕ ಓದಾಕ ಬರೂದಿಲ್ಲ ಕಾಶವ್ವ. ನೀ ನೋಡಿದ್ದು ಬರಿ. ತಪ್ಪಾದ್ರ ಒಂದ ಗೆರಿ ಎಳಿ, ಅಳಸಬ್ಯಾಡ,” ಅಂದರು. ಬೈಯಲಿಲ್ಲ. ಅದೇ ನೀರಿಗೆ ಚಹಾಪುಡಿ ಹಾಕಿ ಎಲ್ಲರಿಗೂ ಒಂದೊಂದು ಗುಟುಕು ಕೊಟ್ಟರು. ಅವರೆಂದರೆ ನನಗೆ ಜೀವ.

ಅರಿಶಿನ ಮೆತ್ತಿದ ಕಾಗದಕ್ಕೆ ಸುಣ್ಣದ ನೀರು ತಾಗಿಸಿ ಕೆಂಪು ಮಾಡಿ ತೋರಿಸಿದ್ದೂ ಅವರೇ. ಅವರ ನೆನಪಿಗೆಂದು ಅಂಥ ಕಾಗದವನ್ನು ದಿನಾ ಬೆಳಿಗ್ಗೆ ತೊಟ್ಟಿಯಲ್ಲಿ ಅದ್ದುತ್ತೇನೆ. ಹತ್ತೊಂಬತ್ತು ವರ್ಷ ಅದು ಹಳದಿಯಾಗಿಯೇ ಉಳಿದಿತ್ತು.

ಇವತ್ತು ಕೆಂಪಾಯಿತು. ನೀರು ಬೆರಳಿಗೆ ಸಾಬೂನಿನ ಹಾಗೆ ಜಾರುತ್ತಿದೆ. ಕೊಳವೆ ತೊಳೆಯುವ ಕ್ಷಾರ ಎಲ್ಲೋ ಸೋರಿ ಬೆರೆತಿದೆ. ಹೇಳುಗ ಮಾತ್ರ ಅದೇ ಸಿಹಿ ದನಿಯಲ್ಲಿ “ನೀರು ಚೆನ್ನಾಗಿದೆ” ಅನ್ನುತ್ತಿದೆ. ಹೊರಗೆ ಕೊಡಗಳ ಸಾಲು ಬೆಳೆದಿದೆ; ನನ್ನ ತಂಗಿ ಕೂಸನ್ನು ಎತ್ತಿಕೊಂಡು ಅದರಲ್ಲೇ ನಿಂತಿದ್ದಾಳೆ. ಹೇಳುಗಕ್ಕೆ ಎದುರು ಬರೆದವರನ್ನು ಮೇಲಕ್ಕೆ, ಬಿಸಿಲಿಗೆ ಕಳಿಸುತ್ತಾರೆ. ಹೋದವರು ಯಾರೂ ಮರಳಿಲ್ಲ. ಇದೆಲ್ಲ ಯೋಚಿಸುವ ಮೊದಲೇ, ರೂಢಿಯ ಕೈ ರಿಜಿಸ್ಟರಿನಲ್ಲಿ “ಚೆನ್ನಾಗಿದೆ” ಎಂದು ಬರೆದುಬಿಟ್ಟಿತ್ತು.

ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮ ಮಕ್ಕಳ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ತೊಂಬತ್ತೆಂಟು ಬಂದರೆ ಹಾಗೇ ಇರಲಿ ಬಿಡಿ. ಅಂಕದ ಆಸೆಗೆ ನೂರು ಮಾಡಿಸಬೇಡಿ. ನೀವು ಅಳಿಸಿದ್ದನ್ನು ನಾವು ಕುಡಿಯಬೇಕಾಗಿದೆ.

ನೀರು ಬಿಡದೆ ನೀರುಮನೆಗೆ ಒಳಗಿನಿಂದ ಬೀಗ ಹಾಕಿಕೊಂಡಿದ್ದೇನೆ. ಸಾಲಿನಲ್ಲಿ ಕಾದವರು ಬಾಗಿಲು ಬಡಿಯುತ್ತಿದ್ದಾರೆ. “ಚೆನ್ನಾಗಿದೆ” ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ “ಕೆಂಪು, ಕುಡಿಯಬೇಡಿ” ಎಂದು ಬರೆದಿದ್ದೇನೆ. ಅಕ್ಷರ ಸೊಟ್ಟಗಾಗಿದೆ. ಅಳಿಸಿಲ್ಲ.

ಜೈನಾಬಿ ಅಕ್ಕೋರ ವಿದ್ಯಾರ್ಥಿನಿ,
ಕಾಶವ್ವ