ಗಾಜಿನ ಮೇಲಿನ ಕಂದು ಗೆರೆಗಳು

ಪಾಂಗೈ, ಹಾಪಾಯ್
ಆಗಸ್ಟ್ ಹದಿನಾಲ್ಕು, ಗುರುವಾರ

ಪ್ರೀತಿಯ ಆನಸೀನಿ ಅಕ್ಕಾ,

ಹೇಗಿದ್ದೀಯಾ? ಸೊಂಟನೋವು ಕಡಿಮೆಯಾಯಿತೇ? ಟೊಮೆಟೊ ಹೊಲದಲ್ಲಿ ದಿನವಿಡೀ ಬಗ್ಗಿ ಬಗ್ಗಿ ನಿನಗೆ ನೆಟ್ಟಗೆ ನಿಲ್ಲಲು ಆಗುತ್ತಿಲ್ಲವೆಂದು ಅಮ್ಮ ಕೊನೆಯ ವಾರದಲ್ಲೂ ಕೊರಗುತ್ತಿದ್ದಳು. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯಲು ಹೋದೆ, ಪೆನ್ನು ಮುಂದೆ ಸಾಗಲಿಲ್ಲ. ಅಮ್ಮನನ್ನು ಮಣ್ಣು ಮಾಡಿ ಇವತ್ತಿಗೆ ಇಪ್ಪತ್ತಮೂರು ದಿನ. ಗೋರಿಯ ಮೇಲೆ ಬಿಳಿ ಮರಳು ಸುರಿದು ಕಪ್ಪು ಹರಳು ಹಾಸಿದ್ದೇವೆ. ವಿಮಾನ ಸಿಗದೆ ನೀನು ಬರಲಾಗಲಿಲ್ಲವೆಂದು ಇಲ್ಲಿ ಯಾರೂ ನಿನ್ನನ್ನು ದೂರಿಲ್ಲ. ಆದರೆ ನೀನೇ ನಿನ್ನನ್ನು ದೂರಿಕೊಳ್ಳುತ್ತಿದ್ದೀಯಂತೆ, ಸರಿಯಾಗಿ ಉಣ್ಣುವುದೂ ಇಲ್ಲವಂತೆ. ಭಾನುವಾರ ಪೇಸಿ ಅತ್ತೆಗೆ ಫೋನು ಮಾಡಿ, "ಹನ್ನೊಂದು ಸಲ ಮಾಡ್ದೆ ಅತ್ತೆ, ಅಮ್ಮ ಎತ್ತಲೇ ಇಲ್ಲ. ನನ್ನ ಮೇಲಿನ ಸಿಟ್ಟಲ್ಲೇ ಹೋಗ್ಬಿಟ್ಲು" ಎಂದು ಅಳುತ್ತಿದ್ದೆಯಂತೆ. ಅದು ನಿಜವಲ್ಲ ಅಕ್ಕಾ. ಅದನ್ನು ಹೇಳಲಿಕ್ಕೇ ಈ ಕಾಗದ.

ಹಿಂದಿನ ಕ್ರಿಸ್ಮಸ್ಸಿಗೆ ಊರಿಗೆ ಬಂದಾಗ ನೀನು ಅಮ್ಮನಿಗೆ ಆ ಫೋನು ತಂದ ದಿನ ನೆನಪಿದೆಯಾ? ಬೆರಳಿಟ್ಟರೆ ಸಾಕು, ಬೀಗ ತೆರೆಯುತ್ತದೆ ಎಂದು ನೀನು ಹೆಮ್ಮೆಯಿಂದ ಹೇಳಿದೆ. ಅಮ್ಮ ಹತ್ತು ಬೆರಳನ್ನೂ ಒಂದೊಂದಾಗಿ ಇಟ್ಟಳು. ಒಂದನ್ನೂ ಅದು ಒಪ್ಪಲಿಲ್ಲ. ಐವತ್ತು ವರ್ಷ ಮರದ ತೊಗಟೆ ಬಡಿದು ನಾರುಬಟ್ಟೆ ಮಾಡಿ, ಅಂಟು ಹಚ್ಚಿ, ಬಣ್ಣ ತಿಕ್ಕಿ ಅವಳ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. "ನಂಗೆ ಬೆರಳೇ ಇಲ್ಲ ಅನ್ನುತ್ತಲ್ಲೇ ಇದು! ಹಾಗಾದ್ರೆ ನಿನ್ನ ಮದುವೆ ಬಟ್ಟೇನ ಮೊಣಕೈಯಲ್ಲಿ ಬಡಿದ್ನಾ?" ಎಂದಾಗ ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಆಮೇಲೆ ನೀನು ಒಂಬತ್ತು ಚುಕ್ಕಿಗಳ ಬೀಗ ಹಾಕಿಕೊಟ್ಟೆ. ಚುಕ್ಕಿ ಸೇರಿಸಿ ಗೆರೆ ಎಳೆಯುವುದು ಅಮ್ಮನಿಗೆ ತುಂಬ ಹಿಡಿಸಿತು. ಆದರೆ ನಮ್ಮ ಊರಿನಲ್ಲಿ ನೆಂಟರಿಗೆ ಬೀಗ ಹಾಕಿದವರುಂಟೇ? "ಕೇಳ್ದೋರಿಗೆ ಇಲ್ಲ ಅನ್ನೋಕೆ ನಾನೇನು ಪರವೂರವಳಾ?" ಎಂದು ಬೆರಳನ್ನು ಬಣ್ಣದಲ್ಲಿ ಅದ್ದಿ ಆ ಗೆರೆಯನ್ನೇ ನಾರುಬಟ್ಟೆಯ ಅಂಚಿಗೆ ಬರೆದಳು. ಬಟ್ಟೆ ಬಡಿಯುವ ಚಪ್ಪರದ ಹೆಂಗಸರೆಲ್ಲ ಅದನ್ನು ಕಲಿತರು. ನೀನು ತಿಂಗಳಿಗೆಂದು ತುಂಬಿಸಿದ ಡೇಟಾ ನಾಲ್ಕೇ ದಿನಕ್ಕೆ ಯಾರೋ ನೋಡಿದ ರಗ್ಬಿ ಪಂದ್ಯದಲ್ಲಿ ಕರಗಿತು. ಆಗ ನೀನು ಬ್ರಿಸ್ಬೇನಿನಿಂದ ಫೋನಿನಲ್ಲಿ ಕಿರುಚಿದೆ: "ಬೀಗ ಹಾಕಿ ಬೀಗದಕೈ ಊರಿಗೆಲ್ಲ ಹಂಚ್ತೀಯಲ್ಲಮ್ಮ! ಇನ್ಮೇಲೆ ನಿಂಗೇನೂ ಕಳಿಸಲ್ಲ ನಾನು!" ನೀನು ಈಗ ಹಿಡಿದುಕೊಂಡು ಕೂತಿರುವುದು ಆ ಮಾತನ್ನೇ ಎಂದು ನನಗೆ ಗೊತ್ತು.

ನಾನಂತೂ ಅದಕ್ಕೂ ಮೊದಲೇ ಆ ಫೋನು ಮುಟ್ಟುವುದನ್ನು ಬಿಟ್ಟಿದ್ದೆ. ಬರೆಯಲೂ ನಾಚಿಕೆ. ಒಂದು ಸಂಜೆ ಅಮ್ಮ ಹೊರಗಿದ್ದಾಗ ನಾನೇ ಎತ್ತಿದೆ. ನೀನು ಕೆಲಸ ಮುಗಿಸಿ ಆಗಷ್ಟೇ ಮಿಂದು, ಒದ್ದೆ ತಲೆಯಲ್ಲಿ, ಬರಿಯ ಭುಜದಲ್ಲಿ ವಿಡಿಯೋ ಕರೆ ಮಾಡಿದ್ದೆ. ನಮ್ಮ ಕಟ್ಟಳೆಯಲ್ಲಿ ಅಕ್ಕನನ್ನು ತಮ್ಮ ಹಾಗೆ ನೋಡಬಹುದೇ? ನೀನು ಪಟ್ಟನೆ ಕರೆ ಮುಗಿಸಿದೆ. ನಾನು ತಿಂಗಳುಗಟ್ಟಲೆ ನಿನ್ನ ಹೆಸರು ಬಂದರೂ ತಲೆ ತಗ್ಗಿಸುತ್ತಿದ್ದೆ.

ಅಮ್ಮನಿಗೆ ನಿನ್ನ ಬೈಗುಳದಿಂದ ಬೇಸರವಾದದ್ದು ಹೌದು, ಸಿಟ್ಟು ಬರಲಿಲ್ಲ. ಮರುದಿನವೇ ಅಂಗಡಿಯ ಹುಡುಗಿಯಿಂದ ಹೇಳಿಸಿಕೊಂಡು ಬೀಗದ ಗೆರೆಯನ್ನು ಬದಲಾಯಿಸಿದಳು. ಆಮೇಲೆ ಯಾರಿಗೂ ತೋರಿಸಲಿಲ್ಲ, ನನಗೂ ಕೂಡ. ಮಡಿಲಲ್ಲಿ ಕೋಳಿಮರಿ ಬಚ್ಚಿಟ್ಟುಕೊಂಡವಳ ಹಾಗೆ ಲಂಗದ ಮರೆಯಲ್ಲಿ ಗೆರೆ ಎಳೆಯುತ್ತಿದ್ದಳು. ಯಾರಾದರೂ ಇಣುಕಿದರೆ, "ಸೀನಿ ಬೈತಾಳೆ, ಆ ಕಡೆ ತಿರುಗು" ಎನ್ನುತ್ತಿದ್ದಳು. ಅತ್ತೆ ಮೊನ್ನೆ ನಾಲ್ಕೈದು ಬಗೆಯಾಗಿ ಎಳೆದು ನೋಡಿದಳು, ಫೋನು ತೆರೆಯಲಿಲ್ಲ. ಆ ಗುಟ್ಟು ಅಮ್ಮನ ಜೊತೆಗೇ ಹೋಯಿತು. ಸಿಟ್ಟಿದ್ದವಳು ಮಗಳ ಮಾತನ್ನು ಇಷ್ಟು ಜೋಪಾನ ಮಾಡುತ್ತಾಳಾ ಅಕ್ಕಾ?

ತೀರಿಕೊಂಡ ಆ ಸಂಜೆ ಅವಳು ಚಪ್ಪರದಿಂದ ಬಂದವಳೇ ಎದೆ ಹಿಡಿದ ಹಾಗಿದೆ ಎಂದು ಚಾಪೆಯ ಮೇಲೆ ಉರುಳಿದಳು. ಕೈ ಕೂಡ ತೊಳೆದಿರಲಿಲ್ಲ. ಬೆರಳಿಗೆಲ್ಲ ಮರಗೆಣಸಿನ ಅಂಟು ಒಣಗಿ ಹಿಡಿದಿತ್ತು, ಮೇಲೆ ಕೋಕಾ ಮರದ ತೊಗಟೆಯಿಂದ ಹಿಂಡಿದ ಕಂದು ಬಣ್ಣ. ಆಗ ನಿನ್ನ ಕರೆ ಬಂತು. "ಒತ್ತಬೇಡಮ್ಮ, ಹಸಿರು ಗುಂಡನ್ನ ಮೇಲಕ್ಕೆ ನೂಕು" ಎಂದು ನೀನು ಕಲಿಸಿದ್ದೆಯಲ್ಲ, ಹಾಗೆಯೇ ನೂಕಿದಳು. ಸವೆದ ಬೆರಳು, ಅದರ ಮೇಲೆ ಒಣಗಿದ ಅಂಟು. ಗಾಜಿಗೆ ಅವಳು ಮುಟ್ಟಿದ್ದೇ ತಿಳಿಯಲಿಲ್ಲ. ನಿಂತಿತು, ಮತ್ತೆ ಬಂತು, ಮತ್ತೆ ನೂಕಿದಳು. ಅತ್ತೆ ಒಳಗೆ ಬರುವ ಹೊತ್ತಿಗೆ ಫೋನು ಎದೆಯ ಮೇಲಿತ್ತು, ಹೆಬ್ಬೆರಳು ಇನ್ನೂ ಅದರ ಮೇಲೇ ಇತ್ತು. ಉಸಿರು ಇರಲಿಲ್ಲ.

ಅಮ್ಮ ಕೊನೆಗೆ ಬಣ್ಣ ಹಾಕಿದ ಬಟ್ಟೆಯ ನಡುವೆ ಆ ಫೋನನ್ನು ಇಟ್ಟು ಸುತ್ತಿದ್ದೇನೆ. ಬರುವ ವಾರ ಪಾದ್ರಿಗಳ ಹೆಂಡತಿ ಬ್ರಿಸ್ಬೇನಿಗೆ ಬರುತ್ತಾರೆ, ಗಂಟನ್ನೂ ಕಾಗದವನ್ನೂ ನಿನ್ನ ಕೈಗೇ ಕೊಡುತ್ತಾರೆ. ಫೋನನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡು. ಗಾಜಿನ ಮೇಲೆ ಕೆಳಗಿನಿಂದ ಮೇಲಕ್ಕೆ ಕಂದು ಗೆರೆಗಳಿವೆ, ಒಂದರ ಮೇಲೊಂದು. ಅಷ್ಟು ಸಲ ಅವಳು ನಿನ್ನನ್ನು ಎತ್ತಿಕೊಳ್ಳಲು ನೋಡಿದ್ದಾಳೆ. ನಾನು ಒರೆಸಿಲ್ಲ. ನೀನೂ ಒರೆಸಬೇಡ.

ಹೊಟ್ಟೆಗೆ ತಿನ್ನು ಅಕ್ಕಾ, ನನ್ನಾಣೆ. ಈ ಮನೆಗೆ ಇನ್ನು ನೀನೇ ಹಿರಿಯಳು, ನಿನ್ನ ಮಾತಿನ ಮೇಲೇ ನಾವು ನಡೆಯಬೇಕು. ದೇವರು ಆ ಪರಸೀಮೆಯಲ್ಲಿ ನಿನ್ನ ತಲೆ ಕಾಯಲಿ. ಅತ್ತೆ ನಿನ್ನ ಕೆನ್ನೆಗೆ ಮುತ್ತು ಕಳಿಸಿದ್ದಾಳೆ.

ನಿನ್ನ ತಮ್ಮ,
ವಿಲಿಸೋನಿ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. ನಿನ್ನ ಕರೆ ಬಂದಾಗ ನಾನು ಅತ್ತೆಯನ್ನು ಕರೆತರಲು ಹೋಗಿದ್ದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಸುಳ್ಳು. ನಾನು ಅಮ್ಮನ ಪಕ್ಕದಲ್ಲೇ ಕೂತಿದ್ದೆ. ಅವಳು ಫೋನನ್ನು ನನ್ನ ಮುಂದೆ ಹಿಡಿದು, "ನೀನಾದ್ರೂ ಎತ್ತೋ, ಅವಳ ಮುಖ ನೋಡ್ಬೇಕು" ಎಂದಳು. ಅದು ನೀನು ಮಿಂದು ಬರುವ ಹೊತ್ತು. "ಅಕ್ಕನ ಕರೆ ನಾನು ಎತ್ತಬಾರದಮ್ಮ, ಅತ್ತೆ ಬರಲಿ" ಎಂದು ಗೋಡೆಯ ಕಡೆ ಮುಖ ತಿರುಗಿಸಿ ಕೂತೆ. ಎಷ್ಟೋ ಕರೆ ಕಳೆದ ಮೇಲೆ ಅತ್ತೆಯನ್ನು ಕರೆಯಲು ಓಡಿದೆ. ಆ ಗಾಜನ್ನು ಎಷ್ಟು ಬೇಕಾದರೂ ಹುಡುಕಿ ನೋಡು ಅಕ್ಕಾ, ನನ್ನ ಬೆರಳಿನ ಗುರುತು ಅಲ್ಲಿ ಒಂದೂ ಇಲ್ಲ.